ಅವಳೂ ಅಲ್ಲೇ ಇರ್ತಾಳಾ

"ಅವಳೂ ಅಲ್ಲೇ ಇರ್ತಾಳಾ?" ಎಂದು ಗಂಡ ಕೇಳಿದಾಗ ಟೈಲರಮ್ಮ ಅವನ ಕಾಲಿನ ಉಗುರು ಕತ್ತರಿಸುತ್ತಿದ್ದಳು. ಯಾರು, ಎಲ್ಲಿ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹೆಚ್ಚೆಂದರೆ ಎರಡು ತಿಂಗಳು ಎಂದು ಡಾಕ್ಟರು ಹೇಳಿದ ಮೇಲೆ ಅವನ ಮಾತೆಲ್ಲ 'ಅಲ್ಲಿ'ಯದೇ. ಇನ್ನು 'ಅವಳು' ಎಂದರೆ ಈ ಮನೆಯಲ್ಲಿ ಒಬ್ಬಳೇ, ಇಪ್ಪತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡ ಅವನ ಮೊದಲ ಹೆಂಡತಿ. ಬೇರೆ ಧರ್ಮದವಳು. ಮದುವೆಯಾದ ಮೇಲೂ ತನ್ನ ದೇವರನ್ನು ಬಿಟ್ಟಿರಲಿಲ್ಲ.

"ಅವರ ದೇವರು ಬೇರೆ, ಸ್ವರ್ಗಾನೂ ಬೇರೆ," ಎಂದಳು ಟೈಲರಮ್ಮ, ತಲೆಯೆತ್ತದೆ. "ಅಲ್ಲಿ ಸಿಗೋದಿಲ್ಲ. ಕಾಲು ಅಲ್ಲಾಡಿಸ್ಬೇಡಿ."

"ಹೌದಾ," ಎಂದು ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಆ ಮಧ್ಯಾಹ್ನ ಅವಳ ಹೊಲಿಗೆ ಯಂತ್ರ ಹಗುರವಾಗಿ ಓಡಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಸತ್ತವಳ ಮೇಲೆ ಅವಳು ಗೆದ್ದದ್ದು ಅದೇ ಮೊದಲು. ಸತ್ತವಳು ಅಡುಗೆಗೆ ಉಪ್ಪು ಹೆಚ್ಚು ಹಾಕುವುದಿಲ್ಲ, ಸಿಡುಕುವುದಿಲ್ಲ, ಗೊರಕೆ ಹೊಡೆಯುವುದಿಲ್ಲ. ಅವಳ ಮಂಡಿ ಊದಿಕೊಳ್ಳುವುದಿಲ್ಲ. ಅಂಥವಳ ಜೊತೆ ಯಾರು ತಾನೆ ಜಗಳವಾಡಿ ಗೆಲ್ಲುತ್ತಾರೆ?

ಆದರೆ ಅವನು ಮೂರು ದಿನ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದ. ತಾನು ಹೇಳಿದ್ದು ನಿಜವೆಂದು ಬಲ್ಲವರ ಬಾಯಿಂದ ಕೇಳದೆ ಅವಳಿಗೂ ಸಮಾಧಾನವಿರಲಿಲ್ಲ. ತಮ್ಮ ಪ್ರಾರ್ಥನೆಯ ಮನೆಗೆ ಹೋದಳು. ಅಲ್ಲಿಯ ಹಿರಿಯರು ಮೆಟ್ಟಿಲ ಮೇಲೆ ಕುಳಿತು ಕುರ್ಚಿಯ ಕಾಲಿಗೆ ಅಂಟು ಹಚ್ಚುತ್ತಿದ್ದರು.

"ಚೆನ್ನಾಗಿ ಬಾಳಿದವರೆಲ್ಲ ಹೋಗ್ತಾರಮ್ಮ," ಎಂದರು ಅವರು. "ಯಾರನ್ನ ನಂಬಿದ್ರಿ ಅಂತ ಬಾಗಿಲಲ್ಲಿ ಕೇಳೋದಿಲ್ಲ. ನಾನು ತಿಳ್ಕೊಂಡಿರೋದು ಹಾಗೆ."

"ಹಾಗಿದ್ರೆ ನಾನು ಇಷ್ಟು ವರ್ಷ ಉಪವಾಸ ಮಾಡಿದ್ದು ಯಾಕೆ?"

"ಬೇರೆಯವರು ಬರಬಾರದು ಅಂತ ಮಾಡಿದ್ಯಾ?"

ಅವಳು ಸೆರಗಿನ ಅಂಚಿನ ದಾರವನ್ನು ಎಳೆದು ಕಿತ್ತಳು. "ಅಲ್ಲಿ ಯಾವ ವಯಸ್ಸಲ್ಲಿ ಇರ್ತಾರೆ? ಸತ್ತಾಗ ಇದ್ದಷ್ಟೇನಾ?" ಎಂದು ಕೇಳಿದಳು.

ಹಿರಿಯರ ಕೈ ನಿಂತಿತು. "ಅದು ನನಗೆ ಗೊತ್ತಿಲ್ಲ ತಾಯಿ."

ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ನಡೆದಳು. ಇವನು ಮೊದಲು ಹೋಗುತ್ತಾನೆ. ಇಪ್ಪತ್ತೊಂಬತ್ತರವಳು ಕಾದು ಕೂತಿರುತ್ತಾಳೆ. ಎಷ್ಟೋ ವರ್ಷದ ಮೇಲೆ ತಾನು ಕುಂಟುತ್ತ ಹೋಗಿ ನಿಂತರೆ ಇವನು ಸರಿದು ಜಾಗ ಕೊಡುತ್ತಾನೋ ಇಲ್ಲವೋ. ಮಲಮೂತ್ರ ಬಳಿದದ್ದು ತಾನು, ನಾಲ್ಕೇ ವರ್ಷ ಬಾಳಿದ್ದು ಅವಳು. ಹಿರಿಯರು ಅಂದದ್ದನ್ನು ಇವನಿಗೆ ಹೇಳದೇ ಇದ್ದುಬಿಟ್ಟರೆ ಯಾರಿಗೆ ತಿಳಿಯುತ್ತದೆ?

ಮನೆಯಲ್ಲಿ ತಟ್ಟೆ ಮುಚ್ಚಿಟ್ಟ ಹಾಗೇ ಇತ್ತು.

"ವಿಚಾರಿಸ್ಕೊಂಡು ಬಂದೆ," ಎಂದಳು. "ಎಲ್ಲರೂ ಒಂದೇ ಕಡೆ ಹೋಗ್ತಾರಂತೆ. ಅವಳೂ ಇರ್ತಾಳೆ. ಈಗ ಸಮಾಧಾನ ಆಯ್ತಲ್ಲ, ಊಟ ಮಾಡಿ."

ಅವನ ಕಣ್ಣು ತುಂಬಿಕೊಂಡಿತು. "ಅವಳ ಮುಖ ನೆನಪಾಗ್ತಿಲ್ಲ ಕಣೇ," ಎಂದ. "ಸಿಗೋದಿಲ್ಲ ಅಂತ ನೀನಂದಾಗ ಸಂಕಟ ಆಯ್ತು. ಬಚಾವಾದೆ ಅಂತಲೂ ಅನ್ನಿಸ್ತು. ಆ ನಾಚಿಕೆಗೇ ತುತ್ತು ಇಳೀಲಿಲ್ಲ. ಎದುರಿಗೆ ಬಂದು ನಿಂತಾಗ ಗುರುತೇ ಹಿಡೀದೆ ಹೋದ್ರೆ? ಇದ್ದದ್ದು ಒಂದು ಫೋಟೋ. ಅದೂ ಕಳೆದುಹೋಯ್ತು."

ಫೋಟೋ ಕಳೆದಿರಲಿಲ್ಲ. ಮದುವೆಯಾದ ಮರುವರ್ಷ ಟೈಲರಮ್ಮ ಅದನ್ನು ಅವನ ಪೆಟ್ಟಿಗೆಯಿಂದ ತೆಗೆದಿದ್ದಳು. ಅವನು ಪುಸ್ತಕ ಬೈಂಡು ಮಾಡುವ ಅಂಗಡಿಗೆ ಹೋದೊಡನೆ ಬಾಗಿಲು ಹಾಕಿ, ಕನ್ನಡಿಯ ಮುಂದೆ ಹಿಡಿದು, ಒಂದು ತಿಂಗಳು ದಿನವೂ ಆ ಮುಖವನ್ನು ತನ್ನ ಮುಖದ ಪಕ್ಕ ಇಟ್ಟು ನೋಡಿದ್ದಳು. ಆಮೇಲೆ ಒಲೆಗೆ ಹಾಕಿದಳು. ಅವನು ಹುಡುಕಿದಾಗ ತಾನೂ ಜೊತೆಗೂಡಿ ಹುಡುಕಿದ್ದಳು.

ಈಗ ಮಂಚದ ಅಂಚಿನಲ್ಲಿ ಕುಳಿತಳು.

"ಉದ್ದ ಮುಖ," ಎಂದಳು. "ಗಲ್ಲ ಚೂಪು. ಎಡಗಡೆ ಹುಬ್ಬು ಬಲಗಡೆಯದಕ್ಕಿಂತ ಒಂಚೂರು ಮೇಲೆ. ಅದಕ್ಕೇ ಏನೋ ಕೇಳೋಕೆ ಹೊರಟ ಹಾಗೆ ಕಾಣ್ತಾಳೆ."

ಅವನು ಅವಳನ್ನೇ ಬಹಳ ಹೊತ್ತು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಕಿವಿ?" ಎಂದು ಕೇಳಿದ.

"ಸಣ್ಣವು. ನನ್ನ ಹಾಗಲ್ಲ."

ಅವನು ಕಣ್ಣು ಮುಚ್ಚಿಕೊಂಡ. ಬೈಂಡಿಂಗಿನ ಅಂಟು, ದಾರಗಳಲ್ಲಿ ಗಡುಸಾದ ಅವನ ತೋರುಬೆರಳು ಹೊದಿಕೆಯ ಮೇಲೆ ಮೆಲ್ಲಗೆ ಒಂದು ಗೆರೆ ಎಳೆಯಿತು.

"ನಿಧಾನ ಹೇಳು," ಎಂದ. "ಹುಬ್ಬು ಇನ್ನೊಂದ್ಸಲ."

ಅವಳು ಎಡಗಡೆಯಿಂದ ಮತ್ತೆ ಶುರುಮಾಡಿದಳು.