ತಪ್ಪು ಮಾಡುವ ಮೂಲೆ

"ಆ ಹಲಗೆ ಮುಟ್ಟಿದರೆ ಕೈ ಮುರಿದೇನು, ಹೇಳಿದ್ದೇನೆ!"

ಶೀಲಾವತಿಯ ಕೂಗಿಗೆ ಸುತ್ತಿಗೆ ಎತ್ತಿದ್ದ ಬಡಗಿ ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟ. ಅವನಿಗೆ ಕನ್ನಡ ಬಾರದು. ಆದರೆ ಆ ದನಿಗೆ ಭಾಷೆ ಬೇಕಿರಲಿಲ್ಲ.

"ಆಂಟಿ, ಪ್ಲೀಸ್. ಅದು ಗೋಡೆ ಕೂಡ ಅಲ್ಲ, ಬರೀ ಪ್ಲೈವುಡ್," ಎಂದ ವಿಕ್ರಂ. "ಹಾಲ್ ಪೂರಾ ಓಪನ್ ಇರಬೇಕು. ಎಲ್ಲರಿಗೂ ಎಲ್ಲರೂ ಕಾಣಬೇಕು. ಕಲಿಯೋ ಜಾಗ ಈಗ ಎಲ್ಲಾ ಕಡೆ ಹಂಗೇ ಡಿಸೈನ್ ಮಾಡೋದು."

"ಎಲ್ಲರಿಗೂ ಎಲ್ಲರೂ ಕಾಣಲಿಕ್ಕೆ ಇದೆಂತ ದಾದರ್ ಸ್ಟೇಷನ್ನಾ? ಕಲಿಯುವುದು ಅಂದರೆ ಮೊದಲು ತಪ್ಪು ಮಾಡುವುದು. ತಪ್ಪು ಮಾಡಲಿಕ್ಕೆ ಒಂದು ಮರೆ ಬೇಕು ಮಾರಾಯ!"

"ಅರೇ, ಮರೆ ಯಾಕೆ? ತಪ್ಪು ಮಾಡೋದ್ರಲ್ಲಿ ನಾಚಿಕೆ ಏನು?"

"ಹಾಗೆ ಕೇಳುತ್ತೀ ಅಂದರೆ ಈವರೆಗೆ ನಿನ್ನನ್ನು ನೋಡಿ ಯಾರೂ ನಗಾಡಲಿಲ್ಲ ಅಂತ ಅರ್ಥ. ಪುಣ್ಯವಂತ!"

ಮಾಟುಂಗದ ಆ ಕನ್ನಡ ಸಂಘದ ಮೊದಲ ಮಹಡಿಯಲ್ಲಿ ಪಾಲಿಕೆ ಶಾಲೆಯ ಟೀಚರ್ ಶೀಲಾವತಿ ವರ್ಷಗಳಿಂದ ಸಂಜೆ ಹೊತ್ತು ಕನ್ನಡ ಕಲಿಸುತ್ತಿದ್ದಳು. ವಿಕ್ರಂ ಸಂಘದ ಕಾರ್ಯದರ್ಶಿ ತಿರುಮಲೇಶ ರಾಯರ ಮಗ. ಬಾಂದ್ರಾದ ಕಚೇರಿಯೊಂದರಲ್ಲಿ ಕುಳಿತು ಶಾಲೆ ಕಾಲೇಜುಗಳ ಒಳಾಂಗಣ ರೂಪಿಸುವುದು ಅವನ ಕಸುಬು. ಹಳೆಯ ಓದುವ ಕೋಣೆಯನ್ನು ಹೊಸ ಕಲಿಕಾ ಕೇಂದ್ರ ಮಾಡಿಕೊಡುತ್ತೇನೆಂದು ತಾನಾಗಿಯೇ ಮುಂದೆ ಬಂದಿದ್ದ. ಪುಕ್ಕಟೆಯಾಗಿ. ಕೆಟ್ಟ ಹುಡುಗನೇನಲ್ಲ.

ಆದರೆ ಅವನಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಅವಳ ಊರಿನ ಶಾಲೆಗೆ ಇದ್ದದ್ದೇ ಒಂದು ಕೋಣೆ. ಮಗ್ಗಿ ಬಾರದವರನ್ನು ಮಾಸ್ತರರು ಎಲ್ಲರ ಎದುರು ನಿಲ್ಲಿಸುತ್ತಿದ್ದರು. ಹಾಗೆ ನಿಂತವರಲ್ಲಿ ಎಷ್ಟೋ ಮಂದಿ ಮರುದಿನ ಶಾಲೆಯ ಕಡೆಗೇ ಬರುತ್ತಿರಲಿಲ್ಲ. ಶೀಲಾವತಿ ಏಳರ ಮಗ್ಗಿ ಕಲಿತದ್ದು ಹಟ್ಟಿಯಲ್ಲಿ, ಹಸುವಿನ ಎದುರು. ಹಸು ನಗುವುದಿಲ್ಲ.

ಕೊನೆಗೆ ರಾಯರೇ ನಡುವೆ ಬಂದು, "ಹೋಗ್ಲಿ ಬಿಡೋ, ಆ ಒಂದು ಮೂಲೆ ಅವರಿಗೆ ಬಿಡು," ಎಂದರು. ಹಲಗೆ ಉಳಿಯಿತು. ವಿಕ್ರಂ ಸಿಟ್ಟಿಟ್ಟುಕೊಳ್ಳಲಿಲ್ಲ. ಅದಕ್ಕೊಂದು ದಪ್ಪ ಪರದೆ, ಇಬ್ಬರು ಕೂರುವ ಬೆಂಚು, ಪುಸ್ತಕದ ಮೇಲಷ್ಟೇ ಬೆಳಕು ಬೀಳುವ ದೀಪ, ಎಲ್ಲ ಹಾಕಿಸಿಕೊಟ್ಟ. ಅದನ್ನು ನೋಡಿ, ಅವನಿಗೆ ಬೈದದ್ದಕ್ಕೆ ಶೀಲಾವತಿಗೆ ಪಶ್ಚಾತ್ತಾಪವಾಯಿತು. ಮನೆಯಿಂದ ಗೋಳಿಬಜೆ ಮಾಡಿ ತಂದು ತಿನ್ನಿಸಿದಳು.

"ಆಂಟಿ, ಇನ್ನೊಂದಿದೆ," ಎಂದ ಅವನು ಬಾಯಿ ತುಂಬ ಬಜೆ ಇಟ್ಟುಕೊಂಡು. "ಡೊಂಬಿವಲಿ, ವಸಾಯಿ ಕಡೆಯವರು ಲೋಕಲ್ ಹಿಡಿದು ಇಲ್ಲಿಗೆ ಬರೋಕಾಗಲ್ಲ. ಅವರಿಗೆ ಈ ಹಾಲ್ ಫೋನಲ್ಲೇ ಇರುತ್ತೆ. ಸೇಮ್ ಟು ಸೇಮ್. ಯಾವ ಜಾಗ ಮುಟ್ಟಿದರೆ ಆ ಜಾಗದಲ್ಲಿ ಕೂತ ಹಾಗೆ. ಕ್ಯಾಮೆರಾ ಎಲ್ಲಾ ಕಡೆ ಹಾಕ್ಲಾ?"

"ಹಾಕು ಮಾರಾಯ. ಪಾಪ, ಅವರಿಗೂ ಕಾಣಲಿ."

ಅವಳ ಕಣ್ಣ ಮುಂದೆ ಇದ್ದದ್ದು ಕರಿಹಲಗೆ, ಮಕ್ಕಳು, ಹಾಡು. ಅವನ ಕಿವಿಗೆ ಬಿದ್ದದ್ದು 'ಎಲ್ಲಾ ಕಡೆ ಹಾಕು'.

ಪರದೆಯ ಹಿಂದೆ ಮೊದಲು ಬಂದು ಕೂತವರು ದೂಜಣ್ಣ.

ಗ್ರಾಂಟ್ ರೋಡಿನಲ್ಲಿ ಹೋಟೆಲಿರುವ ದೂಜ ಪೂಜಾರಿಯವರನ್ನು ಸಂಘದಲ್ಲಿ ಅರಿಯದವರಿಲ್ಲ. ಈ ಕೇಂದ್ರಕ್ಕೂ ದೊಡ್ಡ ದೇಣಿಗೆ ಅವರದ್ದೇ. ಬಾಲ್ಯದಲ್ಲೇ ಮುಂಬಯಿಗೆ ಬಂದು ಲೋಟ ತೊಳೆದು ಮೇಲೆ ಬಂದವರು. ಹಿಂದಿ, ಮರಾಠಿ, ಗುಜರಾತಿ ಎಲ್ಲ ನೀರು ಕುಡಿದಂತೆ ಮಾತಾಡುವರು. ಲೆಕ್ಕ ಬಾಯಲ್ಲೇ. ಆದರೆ ಸಭೆಯಲ್ಲಿ ಯಾರಾದರೂ ಓದಲೆಂದು ಕಾಗದ ಕೊಟ್ಟರೆ, "ಛೆ, ಕನ್ನಡಕ ಮರೆತು ಬಂದೆ," ಎನ್ನುವರು. ಕನ್ನಡಕ ಯಾವಾಗಲೂ ಅಂಗಿಯ ಕಿಸೆಯಲ್ಲೇ ಇರುತ್ತಿತ್ತು. ಶೀಲಾವತಿ ಅದನ್ನು ಗಮನಿಸಿದ್ದಳು. ಒಂದು ಸಂಜೆ ಎಲ್ಲರೂ ಹೋದ ಮೇಲೆ, "ದೂಜಣ್ಣ, ಇಲ್ಲಿ ಬನ್ನಿ. ಇಲ್ಲಿ ನೀವು, ನಾನು, ಈ ಹಲಗೆ. ಮತ್ತೆ ಯಾರೂ ಇಲ್ಲ," ಎಂದಳು.

ಅವರು ಬಹಳ ಹೊತ್ತು ಪರದೆ ಹಿಡಿದುಕೊಂಡು ನಿಂತರು. ಆಮೇಲೆ ಬಂದು ಕೂತರು.

ಅಕ್ಷರಗಳು ಅವರಿಗೆ ಸುಲಭಕ್ಕೆ ಒಗ್ಗಲಿಲ್ಲ. ಒತ್ತಕ್ಷರ ಬಂದರೆ ಬೆವರುವರು. "ಇದಕ್ಕಿಂತ ಸಾವಿರ ದೋಸೆ ಹೊಯ್ಯುವುದು ಸಲೀಸು ಟೀಚರ್," ಎನ್ನುವರು. "ಹೊಯ್ಯಿರಿ, ಆದರೆ ಇದನ್ನು ಓದಿ ಹೊಯ್ಯಿರಿ," ಎಂದು ಅವಳು ಗದರುವಳು. ಒಂದು ದಿನ ಅವರಿಗೊಂದು ಆಸೆ ಹುಟ್ಟಿತು. ಉದ್ಘಾಟನೆಯ ದಿನ ಕಲ್ಲಿನ ಫಲಕದ ಮೇಲಿನ ಬರಹವನ್ನು ಮಗಳು ಲಾವಣ್ಯಾಳ ಎದುರು ತಾನೇ ಗಟ್ಟಿಯಾಗಿ ಓದಬೇಕು. ಓದು ಬಾರದಿದ್ದ ಸಂಗತಿ ಅವಳಿಗೆ ತಿಳಿಯುವುದೇ ಬೇಡ. ತಂದೆ ಓದಿದ್ದಷ್ಟೇ ಅವಳು ಕೇಳಬೇಕು. ಅಂದಿನಿಂದ ಇಬ್ಬರೂ ಆ ನಾಲ್ಕು ಸಾಲಿನ ಹಿಂದೆ ಬಿದ್ದರು. 'ಕೇಂದ್ರ' ಎಂಬುದೊಂದೇ ಅವರನ್ನು ವಾರಗಟ್ಟಲೆ ಕಾಡಿತು.

ಉದ್ಘಾಟನೆಯ ದಿನ ಹಾಲ್ ತುಂಬಿತ್ತು. ದೂಜಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಲಾವಣ್ಯಾ. ಕನ್ನಡಕ ಆಗಲೇ ಮೂಗಿನ ಮೇಲೆ. ಶೀಲಾವತಿಯತ್ತ ತಿರುಗಿ ಹುಡುಗನಂತೆ ಕಣ್ಣು ಮಿಟುಕಿಸಿದರು.

"ಫಲಕಕ್ಕೆ ಮುಂಚೆ ಎರಡೇ ನಿಮಿಷ," ಎನ್ನುತ್ತಾ ವಿಕ್ರಂ ವೇದಿಕೆ ಹತ್ತಿದ. ಗೋಡೆಯಷ್ಟಗಲದ ಸ್ಕ್ರೀನಿನ ಮೇಲೆ ಇದೇ ಹಾಲ್ ಮೂಡಿತು. ಅದೇ ಕಿಟಕಿ, ಅದೇ ಕರಿಹಲಗೆ. ಜನ "ಓಹೋ" ಎಂದರು. "ಇದು ನಮ್ಮ ವರ್ಚುವಲ್ ಹಾಲ್. ಟ್ರಯಲ್ ಆಗಿ ಒಂದು ತಿಂಗಳಿಂದ ನಡೀತಾ ಇದೆ, ಎಲ್ಲಾ ರೆಕಾರ್ಡ್ ಕೂಡ ಆಗುತ್ತೆ. ಈಗ ನನ್ನ ಫೇವರಿಟ್ ಜಾಗ ತೋರಿಸ್ತೀನಿ. ಡಿಸೈನ್ ಮಾಡುವಾಗ ಶೀಲಾವತಿ ಆಂಟಿ ನನ್ನ ಕೈ ಮುರೀತೀನಿ ಅಂದಿದ್ರು!" ಎಲ್ಲರೂ ನಕ್ಕರು. ಶೀಲಾವತಿಯೂ ನಕ್ಕಳು.

ಅವನು ಮೂಲೆಯನ್ನು ಮುಟ್ಟಿದ.

ದೀಪದ ಬೆಳಕು. ಬೆಂಚು. ದೂಜಣ್ಣನ ಮುಖ, ಗೋಡೆಯಷ್ಟಗಲ.

"ಕೇ... ಕೇ... ಕೇದ... ಅಲ್ಲ," ಎನ್ನುತ್ತಿತ್ತು ಆ ಮುಖ. ಬೆರಳು ಪುಸ್ತಕದ ಮೇಲೆ ಒಂದೇ ಅಕ್ಷರದಡಿ ನಿಂತಿತ್ತು. "ನನ್ನ ತಲೆಗೆ ಹತ್ತುವುದಿಲ್ಲ ಟೀಚರ್. ನಾನು ಕತ್ತೆ. ನಿಮಗೆ ಗೊತ್ತುಂಟಾ, ಒಮ್ಮೆ ಮಗಳು ಮಾರ್ಕ್ಸ್ ಕಾರ್ಡ್ ತಂದು ಕೈಯಲ್ಲಿಟ್ಟಳು. ನನಗೆಲ್ಲಿ ಓದಲಿಕ್ಕೆ ಬರುತ್ತದೆ? ಅವಳ ಮುಖ ಸಣ್ಣದಾಗಿ ಕಂಡಿತು. ಫೇಲಾಗಿದ್ದಾಳೆ ಅಂತ ಕೆನ್ನೆಗೊಂದು ಬಿಟ್ಟೆ. ಅವಳು ಫಸ್ಟ್ ಬಂದಿದ್ದಳಂತೆ. ಅವಳಿಗೆ ಮಾತ್ರ ಇದು ಗೊತ್ತಾಗಬಾರದು ಟೀಚರ್." ಆಮೇಲೆ ಆ ದೊಡ್ಡ ಮುಖ ಎರಡೂ ಕೈಯಲ್ಲಿ ಮುಚ್ಚಿಕೊಂಡಿತು. ಹೆಗಲು ಕುಲುಕಿತು.

ಅಕ್ಕಪಕ್ಕದವರು ದೂಜಣ್ಣನತ್ತ ತಿರುಗಿದರು.

ಶೀಲಾವತಿ ಕೂತಲ್ಲಿಂದಲೇ ಮೂಲೆಯತ್ತ ತಿರುಗಿದಳು. ಆ ದೀಪ! ಪುಸ್ತಕದ ಮೇಲಷ್ಟೇ ಬೆಳಕು ಬೀಳುವ ಆ ದೀಪದ ಬುರುಡೆಯೊಳಗೆ ಕ್ಯಾಮೆರಾ ಇತ್ತು. ದಿನವೂ ಅದರಡಿಯಲ್ಲೇ ಕೂತಿದ್ದಳು. ಎದ್ದು ಕೂಗಬೇಕು, ತಂತಿ ಕಿತ್ತೆಸೆಯಬೇಕು ಅನ್ನಿಸಿತು. ಬೈಗುಳ ಸದಾ ನಾಲಗೆಯ ತುದಿಯಲ್ಲೇ ಇರುತ್ತಿದ್ದ ಹೆಂಗಸಿಗೆ ಆ ಹೊತ್ತು ಬಾಯಿಯೇ ಬರಲಿಲ್ಲ. ಕಾಲೂ ಬರಲಿಲ್ಲ.

"ನೋಡಿ," ಎನ್ನುತ್ತಿದ್ದ ವಿಕ್ರಂ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. "ಈ ವಯಸ್ಸಲ್ಲಿ, ಇಷ್ಟು ದೊಡ್ಡ ಮನುಷ್ಯ! ಇದಕ್ಕಿಂತ ಇನ್‌ಸ್ಪೈರಿಂಗ್ ಇನ್ನೇನಿದೆ? ದೂಜ ಅಂಕಲ್‌ಗೆ ಒಂದು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಡೊಂಬಿವಲಿಯ ಪ್ರಿಯಂವದಾ ಎದ್ದು ನಿಂತು, "ನಾವು ಮನೆಮಂದಿಯೆಲ್ಲ ದಿನಾ ನೋಡ್ತೀವಿ ಅಂಕಲ್! ಎಷ್ಟು ಕ್ಯೂಟ್ ಆಗಿ ಓದ್ತೀರಾ! ನನ್ನ ಮಗ ನಿಮ್ಮ ಥರಾನೇ ಮಿಮಿಕ್ರಿ ಮಾಡ್ತಾನೆ!" ಎಂದಳು. ಅವಳ ಮಾತಿನಲ್ಲಿ ಒಂದು ಕಾಳಿನಷ್ಟೂ ಕೆಡುಕಿರಲಿಲ್ಲ.

ದಿನಾ. ಮನೆಮಂದಿಯೆಲ್ಲ.

ಲಾವಣ್ಯಾ ತಂದೆಯ ತೋಳು ಹಿಡಿದಳು. "ಪಪ್ಪಾ..." ಎಂದಳು. ದೂಜಣ್ಣ ಮೆಲ್ಲನೆ ತೋಳು ಬಿಡಿಸಿಕೊಂಡು ಎದ್ದರು. ಕನ್ನಡಕ ತೆಗೆದು ಕಿಸೆಗೆ ಹಾಕಿದರು. ವೇದಿಕೆಗೆ ಬರುತ್ತಾರೆಂದುಕೊಂಡ ರಾಯರು ಮೈಕ್ ಚಾಚಿ, "ಬನ್ನಿ ದೂಜಣ್ಣ, ಬನ್ನಿ, ಎರಡು ಮಾತು!" ಎಂದರು. ದೂಜಣ್ಣ ಮೈಕನ್ನೂ ದಾಟಿದರು, ಹೂಮಾಲೆ ಹಾಕಿದ ಫಲಕವನ್ನೂ ದಾಟಿದರು. ಅದರತ್ತ ತಲೆ ಎತ್ತಲಿಲ್ಲ.

ಶೀಲಾವತಿಗೆ ಕಾಲು ಬಂದದ್ದು ಆಗ. ಮೆಟ್ಟಿಲ ಬಳಿ ಹೋಗಿ ಹಿಡಿದಳು.

"ದೂಜಣ್ಣ, ನಿಲ್ಲಿ. ದೇವರಾಣೆ, ನನಗೆ ಗೊತ್ತಿರಲಿಲ್ಲ."

ಅವರು ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ನೀವು, ನಾನು, ಹಲಗೆ ಅಂದಿದ್ರಿ ಟೀಚರ್."

"ಹೌದು. ಅಂದಿದ್ದೆ. ಒಳಗೆ ಬನ್ನಿ, ಆ ಹುಡುಗನ ಚರ್ಮ ಸುಲಿಯುತ್ತೇನೆ. ಫಲಕ ಓದಿ. ನಿಮಗೆ ಬರುತ್ತದೆ, ಪೂರಾ ಬರುತ್ತದೆ!"

"ಬರುತ್ತದೆ," ಎಂದರು ದೂಜಣ್ಣ. "ಇನ್ನು ಯಾರಿಗೆ ಓದುವುದು?"

ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಒಳಗೆ ವಿಡಿಯೋ ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. "ಕೇಂ... ದ್ರ. ಕೇಂದ್ರ! ಬಂತಲ್ಲ ಟೀಚರ್!" ಎಂಬ ಅವರದೇ ದನಿ ಮೈಕಿನಲ್ಲಿ ಮೊಳಗಿತು. ಅದರ ಹಿಂದೆಯೇ ಇನ್ನೊಂದು ಚಪ್ಪಾಳೆ. ಕೆಳಗೆ ಬಾಗಿಲ ಬಳಿ ಬಿಳಿ ಅಂಗಿ ಒಂದು ಕ್ಷಣ ಕಂಡು, ಸ್ಟೇಷನ್ನಿನ ಕಡೆಗೆ ತಿರುಗಿತು.

ದೂಜಣ್ಣ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.