ಗಣಿದೊರೆಯ ಹೆಬ್ಬೆರಳು

ಮಗರಾಯ ಆಟ ಕಟ್ಟುವ ಕಂಪನಿಯಲ್ಲಿ ದೊಡ್ಡ ಮನುಷ್ಯ. ಆಟವೆಂದರೆ ಬಯಲಲ್ಲಿ ಓಡಿ ಮಂಡಿ ತರಚಿಕೊಳ್ಳುವ ಆಟವಲ್ಲ. ಸಾವಿರಾರು ಜನ ಅವರವರ ಮನೆಯಲ್ಲೇ ಕೂತು, ಒಂದೇ ಗಣಿಯೊಳಗೆ ಇಳಿದು ಅದಿರು ಅಗೆಯುವ ಆಟ. ಪರದೆಯ ಮೇಲಿನ ಪಿಕಾಸಿಯನ್ನು ಒಂದು ಸಲ ಒತ್ತಿದರೆ ಒಂದು ಏಟು. ಏಟಿನ ಮೇಲೆ ಏಟು ಬಿದ್ದರೆ ಒಂದು ಚೂರು ಅದಿರು. ಅದಿರು ಗುಡ್ಡೆಯಾದರೆ ಒಂದು ಲೆವೆಲ್. ಯಾವ ಲೆವೆಲ್ಲಿಗೆ ಯಾರು ಎಷ್ಟು ಬೆವರು ಸುರಿಸಬೇಕೆಂದು ನಿರ್ಧರಿಸುವುದೇ ಮಗರಾಯನ ಕೆಲಸ. ಬೆವರಿನ ಬಗ್ಗೆ ಅವನಿಗೆ ಬಹಳ ಗೌರವ. ಬೇರೆಯವರ ಬೆವರಿನ ಬಗ್ಗೆ.

ಇಂಥವನ ಸ್ವಂತ ಲೆವೆಲ್ಲೇ ನೆಲ ಕಚ್ಚಿಕೊಂಡಿದ್ದರೆ ಮಾನ ಉಳಿದೀತೆ? ಅದಕ್ಕೇ 'ಗಣಿದೊರೆ' ಎಂಬ ಹೆಸರಿನ ತನ್ನ ಖಾತೆಯನ್ನು ಟ್ಯಾಬ್ ಸಮೇತ ತಾಯಿಯ ಮಡಿಲಿಗೆ ಹಾಕಿದ್ದ. ಹೇಗಿದ್ದರೂ ರಿಟೈರ್ ಆಗಿ ಟಿವಿ ಮುಂದೆ ಕೂತಿರ್ತೀಯ, ಸ್ವಲ್ಪ ಬೆರಳಾಡಿಸ್ತಾ ಇರು ಎಂದಿದ್ದ.

ತಾಯಿ ಮೊದಲು ಗೊಣಗಿದಳು. ಆಮೇಲೆ ಮಧ್ಯಾಹ್ನವಾಗುವುದನ್ನೇ ಕಾಯತೊಡಗಿದಳು. ಗಣಿಯ ಒಂದು ಸುರಂಗದಲ್ಲಿ ದಿನಾ ಮೂವರು ಸಿಗುತ್ತಿದ್ದರು: ಒಬ್ಬ ಲಾರಿ ಡ್ರೈವರ್, ಒಬ್ಬಳು ನರ್ಸ್, ಒಂದು ಕೈ ಸ್ವಾಧೀನವಿಲ್ಲದ ಒಬ್ಬ ದರ್ಜಿ. ಅಗೆಯುತ್ತ ಹರಟುವುದು, ಹರಟುತ್ತ ಅಗೆಯುವುದು. ಅವರ ಪಾಲಿಗೆ ಗಣಿದೊರೆಯೆಂದರೆ ಈ ಆಟ ಕಟ್ಟಿದ ಮಹಾಶಯ. ಅಷ್ಟು ದೊಡ್ಡವನು ಊಟ ಆಯ್ತಾ ಎಂದು ಒಬ್ಬೊಬ್ಬರನ್ನೂ ವಿಚಾರಿಸುತ್ತಾನಲ್ಲ, ಕನ್ನಡಕ ಹಾಕದೆ ಲಾರಿ ಓಡಿಸಿದ್ದಕ್ಕೆ ಡ್ರೈವರನನ್ನು ಗದರುತ್ತಾನಲ್ಲ ಎಂದು ಅವರಿಗೆ ಸೋಜಿಗ. "ದೊರೆ, ನೀವು ಥೇಟ್ ನಮ್ಮಮ್ಮನ ಥರ" ಎಂದು ಡ್ರೈವರ್ ಒಮ್ಮೆ ಬರೆದಾಗ ಅವಳು ನಾಲಿಗೆ ಕಚ್ಚಿಕೊಂಡು ಜೋರಾಗಿ ಅಗೆಯಲು ಹತ್ತಿದ್ದಳು. ಮನೆಯಲ್ಲಾದರೋ, ಚಾರ್ಜರ್ ಎಲ್ಲಿ ಅನ್ನುವಲ್ಲಿಗೆ ಮಗನ ಮಾತು ಮುಗಿಯುತ್ತಿತ್ತು.

ಹೀಗಿರುವಾಗ ತಾಯಿಯ ಬಲಗೈ ಹೆಬ್ಬೆರಳು ಮುಷ್ಕರ ಹೂಡಿತು. ಬುಡದಲ್ಲಿ ಬಾವು. ಡಬ್ಬಿಯ ಮುಚ್ಚಳ ತೆಗೆಯಲಾಗದು, ಬಾಚಣಿಗೆ ಹಿಡಿಯಲಾಗದು. ಡಾಕ್ಟರು ಪಟ್ಟಿ ಕಟ್ಟುತ್ತ, ಏನು ಕೆಲಸ ಮಾಡ್ತೀರಿ ಎಂದು ಕೇಳಿದರು. "ಗಣೀಲಿ" ಎಂದುಬಿಟ್ಟಳು. ಡಾಕ್ಟರು ಅವಳ ನರೆತ ಕೂದಲನ್ನೊಮ್ಮೆ, ಕೈಚೀಲವನ್ನೊಮ್ಮೆ ನೋಡಿ, ಏನೇ ಇರಲಿ, ಇನ್ನು ಅಗೆದರೆ ಬೆರಳು ಕುಯ್ಯಬೇಕಾಗುತ್ತದೆ ಎಂದರು. ಎಡಗೈಯಲ್ಲಿ ಪ್ರಯತ್ನಿಸಿದಳು. ಏಟು ನಿಧಾನವಾಯಿತು. ತಮ್ಮ ಎಂದಿನ ವೇಗಕ್ಕಿಂತ ನಿಧಾನವಾದವರನ್ನು 'ಸೋಮಾರಿ' ಎಂದು ಸುರಂಗದಿಂದ ಆಚೆ ದಬ್ಬುವುದು ಆಟದ ನಿಯಮ, ಮಗರಾಯನೇ ಮಾಡಿದ್ದು. ಬೆರಳು ಉಳಿಸಿಕೊಂಡರೆ ಆ ಮೂವರಿಲ್ಲ, ಆ ಮೂವರು ಬೇಕೆಂದರೆ ಬೆರಳಿಲ್ಲ.

ಮಗನ ಹತ್ತಿರ ಕೂತು ಕೇಳಿದಳು. ಪಿಕಾಸಿಯನ್ನು ಒಂದು ಸಲ ಒತ್ತಿ ಹಿಡಿದರೆ ಏಟು ತಾನಾಗಿ ಬೀಳುವಂತೆ ಮಾಡೋ, ಆ ದರ್ಜಿಯೂ ಪಾಪ ಇದನ್ನೇ ಕೇಳಿಕೊಂಡು ನಿಮ್ಮ ಕಂಪನಿಗೆ ಬರೆದು ಬರೆದು ಸೋತಿದ್ದಾನೆ ಎಂದಳು.

"ಕಷ್ಟಪಟ್ಟು ಮೇಲೆ ಬಂದವರಿಗೆ ಅವಮಾನ ಆಗುತ್ತಮ್ಮಾ" ಎಂದ ಮಗ.

"ಕಷ್ಟಪಟ್ಟು ಬಂದೋಳು ನಾನು ಕಣೋ. ನಂಗೇನೂ ಆಗಲ್ಲ."

ಮಗ ಮೊಬೈಲ್ ನೋಡಿಕೊಂಡು ಎದ್ದುಹೋದ.

ಕೆಲವು ದಿನಗಳ ಮೇಲೆ ಎದೆ ಉಬ್ಬಿಸಿಕೊಂಡು ಬಂದ. ಒತ್ತಿ ಹಿಡಿಯುವ ಸೌಲಭ್ಯಕ್ಕೆ ಆಫೀಸಿನಲ್ಲಿ ಎಲ್ಲರನ್ನೂ ಒಪ್ಪಿಸಿದ್ದನಂತೆ. ತಾಯಿ ಅವನ ಬೆನ್ನು ತಟ್ಟಲು ಕೈ ಎತ್ತಿದಳು. ಅಷ್ಟರಲ್ಲಿ ಮಿಕ್ಕಿದ್ದನ್ನೂ ಹೇಳಿದ: ಅರವತ್ತನೇ ಲೆವೆಲ್ ಮುಟ್ಟಿದವರಿಗೆ ಅದನ್ನು ಬಹುಮಾನವಾಗಿ ಕೊಡುತ್ತಾರೆ. ನೀನು ಆಗಲೇ ಐವತ್ತೆಂಟು, ಇನ್ನೆರಡೇ ಅಲ್ಲವಾ, ಹಲ್ಲು ಕಚ್ಚಿ ಅಗೆದುಬಿಡು.

ತಾಯಿ ಪಟ್ಟಿ ಕಟ್ಟಿದ ಬೆರಳನ್ನು ನೋಡಿದಳು, ಮಗನ ಮುಖ ನೋಡಿದಳು. ತಮಾಷೆಯಿರಬಹುದೇ ಎಂದು ಮತ್ತೊಮ್ಮೆ ನೋಡಿದಳು. ತಮಾಷೆಯ ಸುಳಿವೂ ಇರಲಿಲ್ಲ. ದರ್ಜಿ ಇನ್ನೂ ಒಂಬತ್ತರಲ್ಲಿದ್ದ.

"ಊರುಗೋಲನ್ನ ಮಹಡಿ ಮೇಲಿಟ್ಟು, ಹತ್ತಿ ಬಂದು ತಗೊಳ್ಳಿ ಅಂದ ಹಾಗಾಯ್ತಲ್ಲೋ."

"ಅದೇ ಅಮ್ಮಾ, ಹತ್ತೋದಕ್ಕೂ ಒಂದು ಹುಮ್ಮಸ್ಸು ಬೇಕಲ್ಲ" ಎಂದ ಅವನು, ತನ್ನ ಮಾತಿಗೆ ತಾನೇ ತಲೆದೂಗುತ್ತ.

ಆಡುವವರು ಸುಮ್ಮನಿರಲಿಲ್ಲ. ಕಂಪನಿಗೆ ಬೈಗುಳದ ಸುರಿಮಳೆಯಾಯಿತು. ಕೊನೆಗೆ, ಗಣಿದೊರೆ ಸ್ವತಃ ಆಟದೊಳಗಿನ ಸಂತೆ ಚೌಕಕ್ಕೆ ಬಂದು ಎಲ್ಲರಿಗೂ ಉತ್ತರಿಸುತ್ತಾರೆ ಎಂದು ಕಂಪನಿ ಸಾರಿತು. ಆಫೀಸಿನ ದೊಡ್ಡ ಪರದೆಯಲ್ಲಿ ಮಾಲೀಕರೂ ನೋಡುವವರಿದ್ದರು. ಮಗರಾಯನಿಗೆ ಆಗ ಜೀವ ಬಾಯಿಗೆ ಬಂತು. ಚೌಕಕ್ಕೆ ಹೋಗುವ ದಾರಿಯಲ್ಲಿ ಒಂದು ಹಲಗೆ ಸೇತುವೆ. ಗುಟ್ಟಾಗಿ ನಡೆದು ನೋಡಿದರೆ ಪ್ರತಿಸಲವೂ ನೀರಿಗೆ ಬೀಳುತ್ತಿದ್ದ. ತಾನು ಕಟ್ಟಿದ ಆಟದಲ್ಲಿ ಅವನಿಗೆ ನಡೆಯಲೂ ಬರುತ್ತಿರಲಿಲ್ಲ. ಸರಿ, ಗಣಿದೊರೆಯನ್ನು ತಾಯಿ ಮನೆಯಿಂದ ನಡೆಸುವುದು, ಇವನು ಆಫೀಸಿನ ಮೂಲೆಯಲ್ಲಿ ಮೊಬೈಲ್ ಒತ್ತುವವನಂತೆ ನಟಿಸುತ್ತ ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನಲ್ಲಿ ಪಿಸುಗುಟ್ಟುವುದು, ಅವಳು ಅದನ್ನು ಬರೆಯುವುದು ಎಂದಾಯಿತು. ನಡೆಯಲು, ಬರೆಯಲು ಎಡಗೈ ಸಾಕಿತ್ತು.

ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಪ್ರಶ್ನೆ ದರ್ಜಿಯದು: "ದೊರೆ, ಆ ಸೌಲಭ್ಯ ನನ್ನಂಥವರಿಗೆ ಯಾವಾಗ?"

"ಬರಿ," ಎಂದಿತು ಫೋನು. "ಪರಿಶ್ರಮವೇ ಈ ಆಟದ ಉಸಿರು. ಅರವತ್ತಕ್ಕೆ ಬನ್ನಿ, ನಿಮಗಾಗಿ ಕಾಯ್ತಿರ್ತೀನಿ."

ಕೆಲಸದಲ್ಲಿದ್ದಷ್ಟು ಕಾಲ ಅವಳು ಟೈಪಿಸ್ಟ್. ಸಾಹೇಬರು ಹೇಳಿದ್ದನ್ನು ಅವರ ತಪ್ಪಿನ ಸಮೇತ ಬಡಿದಿಟ್ಟವಳು. ಒಂದಕ್ಷರ ಅತ್ತಿತ್ತ ಮಾಡಿದವಳಲ್ಲ. ಅಭ್ಯಾಸಬಲದಿಂದ 'ಪರಿಶ್ರಮ' ಅನ್ನುವವರೆಗೂ ಬೆರಳು ಹೋಯಿತು. ಆ ಪದವನ್ನು ಒಂದು ಗಳಿಗೆ ದಿಟ್ಟಿಸಿದಳು. ಅಳಿಸಿದಳು.

"ಬರೆದ್ಯಾ?"

"ಇರೋ, ಎಡಗೈ."

ಗಣಿದೊರೆಯ ತಲೆಯ ಮೇಲೆ ಅಕ್ಷರಗಳು ಮೂಡಿದವು: "ಸೋಮವಾರದಿಂದ ಎಲ್ಲರಿಗೂ. ಮೊದಲನೇ ಲೆವೆಲ್ಲಿನಿಂದಲೇ. ತಪ್ಪು ನನ್ನದು, ಕ್ಷಮಿಸಿ."

ಚೌಕದಲ್ಲಿದ್ದವರೆಲ್ಲ ಕುಣಿದಾಡಿದರು. ಫೋನಿನೊಳಗೆ ಕುರ್ಚಿಗಳು ಸರಿದ ಸದ್ದು, ಚಪ್ಪಾಳೆ, ಇದನ್ನು ನಮಗೂ ಹೇಳಿರಲಿಲ್ಲವಲ್ರೀ ಎಂಬ ಮಾಲೀಕರ ಮೆಚ್ಚುಗೆಯ ದನಿ. ತಾನು ಬರೆದದ್ದಲ್ಲ ಎಂದು ಮಗ ಹೇಳಬೇಕಾದರೆ, ಮತ್ತೆ ಯಾರು ಎನ್ನುವುದನ್ನೂ ಹೇಳಬೇಕು. ತಾಯಿಗೆ ಕೇಳಿಸಿದ್ದು ಅವನು ಮನೆಯಲ್ಲಿ ಎಂದೂ ಬಳಸದ ಮೃದು ಕಂಠ.

"ತುಂಬಾ ದಿನದಿಂದ ಮನಸ್ಸಲ್ಲಿತ್ತು ಸರ್. ಇಂಥವರ ಕಷ್ಟ ನೋಡಿದರೆ ನನಗೆ ಕರುಳು ಚುರ್ ಅನ್ನುತ್ತೆ."

ಆ ಕೂಡಲೇ ಹಲ್ಲುಗಳ ಸಂದಿಯಿಂದ, "ಅಮ್ಮಾ, ಮನೆಗೆ ಬಂದು ಮಾತಾಡ್ತೀನಿ. ಇನ್ಮೇಲೆ ನಾನು ಹೇಳಿದ್ದನ್ನಷ್ಟೇ ಬರಿ."

ಅಷ್ಟರಲ್ಲಿ ನರ್ಸ್ ಮುಂದೆ ಬಂದಿದ್ದಳು. ಡ್ಯೂಟಿ ಮುಗಿಸಿ ಬಂದವರು ಅರ್ಧ ಗಂಟೆ ಆಡಿದರೂ ಲೆವೆಲ್ ಏರುವ ಹಾಗೆ ಮಾಡುತ್ತೀರಾ ದೊರೆ ಎಂದು ಕೇಳುತ್ತಿದ್ದಳು.

"ಬರಿ: ಸುಲಭವಾಗಿ ಸಿಕ್ಕಿದ್ದಕ್ಕೆ ಬೆಲೆ..." ಎಂದು ಫೋನು ಶುರುಮಾಡಿತು.

ತಾಯಿ ಅದನ್ನು ಸೋಫಾದ ಮೇಲೆ ಬೋರಲು ಹಾಕಿದಳು. ದಿಂಬಿನ ಪಕ್ಕದಲ್ಲಿ ಅದು ಸಣ್ಣಗೆ ಉಪದೇಶ ಮಾಡುತ್ತಲೇ ಇತ್ತು. ಅವಳು ಟ್ಯಾಬನ್ನು ಮಡಿಲಲ್ಲಿ ಸರಿಯಾಗಿ ಕೂರಿಸಿಕೊಂಡು, ಎಡಗೈ ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕತೊಡಗಿದಳು.