ಹನ್ನೊಂದನೇ ಮೀಟರಿನ ಸೀಸೆ

ಸೀಸೆಯ ಮುಚ್ಚಳ ತೆರೆದದ್ದೇ ತಡ, ಕೊಳೆತ ಮೊಟ್ಟೆಯ ವಾಸನೆ ದೋಣಿಯನ್ನೆಲ್ಲ ತುಂಬಿತು. ಶೈಲಜಾ ಮುಖ ಆಚೆ ತಿರುಗಿಸಿಕೊಂಡೇ ಮುಚ್ಚಳ ಬಿಗಿದು, ಸೀಸೆಯ ಮೇಲೆ ‘ಆಳ ೧೧ ಮೀಟರ್’ ಎಂದು ಬರೆದಳು. ಕೆರೆಯ ಮೇಲಿನ ನೀರು ನೋಡಿದರೆ ಬೊಗಸೆಯಲ್ಲಿ ಹಿಡಿದು ಕುಡಿಯೋಣ ಅನ್ನಿಸುವಷ್ಟು ತಿಳಿ.

ಅಮೆರಿಕದ ಈ ರೆಸ್ಟನ್ ಊರಿನಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದೆಲ್ಲ ಕೊನೆಗೆ ಹರಿದು ಬರುವುದು ಈ ಕೆರೆಗೇ. ಉಪ್ಪುನೀರು ಭಾರ, ತಳ ಹಿಡಿದು ಕೂತುಬಿಡುತ್ತದೆ. ಮೇಲಿನ ನೀರಿನೊಂದಿಗೆ ಬೆರೆಯುವುದೇ ಇಲ್ಲ. ಗಾಳಿಯಿಲ್ಲದೆ ಅಲ್ಲೇ ಕೊಳೆತು, ಕೆಸರಿನ ವಿಷವನ್ನೆಲ್ಲ ಹೀರಿಕೊಳ್ಳುತ್ತದೆ. ಪಾಚಿ ಹೋಗಲಿ ಅಂತ ನಿವಾಸಿಗಳ ಸಂಘ ಈಗ ನೀರು ಕಲಕುವ ಯಂತ್ರ ಹಾಕಿಸಲು ಹೊರಟಿತ್ತು. ಹಾಕಿಸಬಹುದೋ ಬಾರದೋ ಎಂದು ಹೇಳಬೇಕಾದವಳು ಶೈಲಜಾ.

"ಕಲಕಿದ್ರೆ ತಳದ್ದೆಲ್ಲ ಮೇಲೆ ಬರುತ್ತೆ ಅಂಕಲ್. ಒಂದು ಮೀನೂ ಉಳಿಯಲ್ಲ," ಅಂದಳು ಆಫೀಸಿನಲ್ಲಿ.

ಹರಿಪ್ರಸಾದ ಕನ್ನಡಕ ಒರೆಸಿಕೊಂಡರು. ನೀರು ಪರೀಕ್ಷಿಸುವ ಈ ಪುಟ್ಟ ಕಂಪನಿ ಅವರದು. ಯಂತ್ರ ಹಾಕುವ ಕಾಂಟ್ರಾಕ್ಟೂ ಅವರಿಗೇ ಸಿಗುವುದಿತ್ತು.

"ಟಾಪ್ ಮೂರು ಮೀಟರ್ ರೀಡಿಂಗ್ ಸಾಕಮ್ಮ, ಕೆಳಗಿಂದು ಡಿಲೀಟ್ ಮಾಡು. ಅದನ್ನ ಅವರೇನು ಕೇಳಿದ್ದಾರಾ? ಸೈನ್ ಮಾಡಿ ಕಳಿಸು. ನಿನ್ನ ಗ್ರೀನ್ ಕಾರ್ಡ್ ಪೇಪರ್ಸೂ ಈ ವಾರ ಫೈಲ್ ಮಾಡಿಸ್ತೀನಿ."

ಥೂ, ಬರೀ ಬಾಸ್ ಆಗಿದ್ದರೆ ಜಗಳವಾದರೂ ಆಡಬಹುದಿತ್ತು. ಬಂದ ಹೊಸತರಲ್ಲಿ ತಿಂಗಳುಗಟ್ಟಲೆ ಅವರ ಮನೆಯಲ್ಲೇ ಉಂಡು, ಬಾಯ್ತುಂಬ ಅಂಕಲ್ ಅಂತ ಕರೆದಾಗಿತ್ತು. ಸೈನ್ ಮಾಡಿದಳು. ಸೀಸೆಯನ್ನು ಮಾತ್ರ ಮನೆಗೆ ತಂದು ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಯ ಹಿಂದೆ ಇಟ್ಟಳು.

ಯಂತ್ರ ಶುರುವಾದ ಮೂರನೇ ದಿನ ಕೆರೆಯ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು.

ಸಂಘದ ಸಭೆಯಲ್ಲಿ ಹರಿಪ್ರಸಾದ ಎದ್ದು ನಿಂತು, ತಳದ ನೀರನ್ನು ಈಕೆ ಪರೀಕ್ಷಿಸಲೇ ಇಲ್ಲ, ಈಕೆಯನ್ನು ನಂಬಿದ್ದೇ ನನ್ನ ತಪ್ಪು ಎಂದು ನಯವಾದ ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ಅವಳತ್ತ ತಿರುಗಿದರು. ಫ್ರಿಜ್ಜಿನಿಂದ ತೆಗೆದು ತಂದ ಸೀಸೆ ಅವಳ ಕೈಚೀಲದಲ್ಲೇ ಇತ್ತು. ಅವಳು ಚೀಲದ ಜಿಪ್ಪನ್ನು ಕೊನೆಯವರೆಗೂ ಎಳೆದು ಮುಚ್ಚಿದಳು.

ಪಾರ್ಕಿಂಗ್ ಲಾಟಿನಲ್ಲಿ ಅವರೇ ಹತ್ತಿರ ಬಂದರು. "ಮನಸ್ಸಿಗೆ ಹಚ್ಕೋಬೇಡಮ್ಮ. ನಿನ್ನ ಪೇಪರ್ಸ್ ನಾನು ನೋಡ್ಕೋತೀನಿ. ಸಂಡೇ ಊಟಕ್ಕೆ ಬಾ, ಆಂಟಿ ಕೇಳ್ತಿದ್ರು."

"ಬರ್ತೀನಿ ಅಂಕಲ್," ಅಂದುಬಿಟ್ಟಿತು ಹಾಳು ಬಾಯಿ.

ಮನೆಗೆ ಬಂದು ಸೀಸೆಯ ನೀರನ್ನು ಸಿಂಕಿಗೆ ಸುರಿದಳು. ನಲ್ಲಿ ಬಿಟ್ಟಳು, ಸೋಪು ಹಾಕಿ ಉಜ್ಜಿದಳು, ಕಿಟಕಿ ತೆರೆದಿಟ್ಟಳು. ಭಾನುವಾರ ಸೀರೆ ಉಡುವಾಗಲೂ ಅಡುಗೆಮನೆಯಿಂದ ಆ ವಾಸನೆ ಬರುತ್ತಲೇ ಇತ್ತು.